ತಜ್ಞರ ಕುರ್ಚಿಯಲ್ಲಿ ಕೂರುವವರು ಯಾರು?

2014ರ ಜುಲೈನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವನ್ಯಜೀವಿ ಮಂಡಳಿಯನ್ನು ಹೊಸದಾಗಿ ರಚಿಸಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 5ಎ ಕಲಮಿನಂತೆ ಆ ಮಂಡಳಿಯಲ್ಲಿ ಹೆಸರಾಂತ ಪರಿಸರ ತಜ್ಞರು ಹತ್ತು ಮಂದಿ, ಸರ್ಕಾರೇತರ ಸಂಸ್ಥೆಗಳಿಂದ ಐವರು ಇರಬೇಕು. ನೇಮಕವಾದ ತಜ್ಞರು ಇಬ್ಬರೇ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆನೆ ತಜ್ಞ ರಾಮನ್ ಸುಕುಮಾರ್ ಮತ್ತು ಗುಜರಾತಿನ ನಿವೃತ್ತ ಅರಣ್ಯಾಧಿಕಾರಿ ಎಚ್.ಎಸ್. ಸಿಂಗ್. ಐದು ಸಂಸ್ಥೆಗಳ ಜಾಗಕ್ಕೆ ಬಂದದ್ದು ಒಂದು, ಅದೂ ಗುಜರಾತ್ ಸರ್ಕಾರವೇ ಹುಟ್ಟುಹಾಕಿದ ಗೀರ್ ಫೌಂಡೇಷನ್. ಆಗಸ್ಟ್ 12 ಮತ್ತು 13ರಂದು ಸೇರಿದ ಮಂಡಳಿಯ ಸ್ಥಾಯಿ ಸಮಿತಿಯ ಮುಂದೆ ಸುಮಾರು 140 ಪ್ರಸ್ತಾವಗಳಿದ್ದವು. ದಿನಕ್ಕೆ ಎಂಟು ಗಂಟೆ ಎದ್ದೇಳದೆ ಕೂತರೂ ಒಂದೊಂದು ಕಾಡಿನ ಹಣೆಬರಹಕ್ಕೆ ಸಿಗುವುದು ಏಳು ನಿಮಿಷ. ಅದೇ ತಿಂಗಳ 25ರಂದು ಸುಪ್ರೀಂ ಕೋರ್ಟ್ ಆ ತೀರ್ಮಾನಗಳು ಜಾರಿಯಾಗದಂತೆ ತಡೆಯಬೇಕಾಯಿತು.

ಸುಕುಮಾರ್ ಅವರ ಪಾಂಡಿತ್ಯವನ್ನು ಯಾರೂ ಪ್ರಶ್ನಿಸಲಾರರು. ಆದರೆ ಆನೆಯನ್ನು ಬಲ್ಲವರಿಂದ ಹವಳದ ದಿಬ್ಬ, ಹುಲ್ಲುಗಾವಲು, ಹಿಮಾಲಯದ ಹೊಳೆ ಎಲ್ಲದರ ಬಗ್ಗೆಯೂ ತೀರ್ಪು ಕೇಳುವುದು ಅವರಿಗೂ ನ್ಯಾಯವಲ್ಲ. ಹತ್ತು ಜನ ಬೇಕೆಂದು ಕಾನೂನು ಹೇಳಿದ್ದು ಅದಕ್ಕೇ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳು ನಮ್ಮೆಲ್ಲರಿಗೂ ಸೇರಿದ ನೆಲ. ಅಲ್ಲಿ ರಸ್ತೆ, ರೈಲು ಹಳಿ, ಅಣೆಕಟ್ಟು ಬರಬೇಕಾದರೆ ಮೊದಲು ರಾಜ್ಯ ಮಂಡಳಿಯ ಒಪ್ಪಿಗೆ ಬೇಕು, ಆಮೇಲೆ ರಾಷ್ಟ್ರೀಯ ಮಂಡಳಿಯದು. ಈ ಎರಡು ಮೇಜುಗಳ ಸುತ್ತ ಯಾರು ಕೂತಿದ್ದಾರೆ ಎಂಬುದರ ಮೇಲೆ ಕಾಡು ಉಳಿಯುವುದೋ ಹೋಗುವುದೋ ನಿಂತಿದೆ.

ಶರಾವತಿ ಕಣಿವೆಯ ಸಿಂಗಳೀಕವನ್ನೇ ನೋಡಿ. ನೆಲಕ್ಕೆ ಇಳಿಯುವುದು ಅಪರೂಪವಾದ, ಕೊಂಬೆಯಿಂದ ಕೊಂಬೆಗೆ ಹಾರಿಯೇ ಬದುಕುವ ಪ್ರಾಣಿ ಅದು. ರಸ್ತೆಯೊಂದು ತುಸು ಅಗಲವಾಗಿ ಮೇಲಿನ ಕೊಂಬೆಗಳು ಒಂದನ್ನೊಂದು ಮುಟ್ಟದೆ ಹೋದರೆ ಗುಂಪು ಎರಡಾಗುತ್ತದೆ. ಕಡತದಲ್ಲಿ ಮಾತ್ರ ಆ ಹಾನಿ 'ಇಷ್ಟು ಹೆಕ್ಟೇರ್, ಇಷ್ಟು ಮರ' ಎಂದು ಕಾಣುತ್ತದೆ. ರಾಮಪತ್ರೆ ಜಡ್ಡಿಗಳದ್ದೂ ಇದೇ ಕಥೆ. ಜೌಗಿನಲ್ಲಿ ಮಂಡಿ ಊರಿದಂತೆ ಬೇರು ಎತ್ತಿ ನಿಲ್ಲುವ ಆ ಮರಗಳು ನೀರಿನ ಹರಿವು ಸ್ವಲ್ಪ ಬದಲಾದರೂ ತಾಳಲಾರವು. ನಕ್ಷೆಯಲ್ಲಿ ಅವು ಗುರುತೇ ಸಿಗದಷ್ಟು ಸಣ್ಣ ತುಣುಕುಗಳು. ಅಂಕಿಯ ಹಿಂದಿರುವುದನ್ನು ಕಂಡು, 'ಇಲ್ಲಿ ಬೇಡ' ಎನ್ನಬಲ್ಲವರು ಸಭೆಯಲ್ಲಿ ಬೇಕು.

ಕರ್ನಾಟಕದ ಮಂಡಳಿಗೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಕಾಯ್ದೆಯ 6ನೇ ಕಲಮು ಇಲ್ಲಿಯೂ ಹತ್ತು ತಜ್ಞರನ್ನು, ಸಂಸ್ಥೆಗಳಿಂದ ಮೂವರನ್ನು ಕೇಳುತ್ತದೆ. ಹತ್ತರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಪಂಗಡದವರಾಗಿರಬೇಕು. ಇದು ಕಾನೂನಿನ ಅತ್ಯಂತ ವಿವೇಕದ ಸಾಲು ಎಂದು ನಾನು ನಂಬುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ನಾಗರಹೊಳೆಯ ಜೇನುಕುರುಬರಿಗೆ ತಲೆಮಾರುಗಳಿಂದ ಬಂದ ಕಾಡಿನ ತಿಳಿವಳಿಕೆ ಯಾವ ಪದವಿಗೂ ಕಡಿಮೆಯಲ್ಲ. ಆದರೆ ಉಳಿದ ಎಂಟು ಕುರ್ಚಿಗಳಿಗೆ ಬೇಕಾದ ಅರ್ಹತೆ ಏನು, ಯಾರು ಅಳೆಯಬೇಕು, ಆಯ್ಕೆಯ ಕಾರಣವನ್ನು ಎಲ್ಲಿ ಬರೆದಿಡಬೇಕು ಎಂಬುದರ ಬಗ್ಗೆ ಕಾಯ್ದೆ ಮೌನವಾಗಿದೆ. ಕಾಡಿನ ಅಂಚಿನಲ್ಲಿ ರೆಸಾರ್ಟ್ ನಡೆಸುವವರು ಈ ಕುರ್ಚಿಗೆ ಬರಬಹುದೇ? ಬೇಡ ಎನ್ನುವ ಒಂದು ಸಾಲೂ ಅದರಲ್ಲಿಲ್ಲ. ಆ ಮೌನದೊಳಗೆ ಶಿಫಾರಸು ಪತ್ರಗಳು ನುಸುಳುತ್ತವೆ.

ಹವಾಯಿ ರಾಜ್ಯದ ಭೂ ಸಂರಕ್ಷಣಾ ಆಯೋಗದ ಕಾನೂನು ಈ ವಿಷಯದಲ್ಲಿ ಎಷ್ಟೋ ಮೇಲು. ಒಂಬತ್ತು ಸದಸ್ಯರಲ್ಲಿ ನಾಲ್ವರಿಗೆ ವನ್ಯಜೀವಿ, ಸಸ್ಯ, ಅರಣ್ಯ, ಭೂವಿಜ್ಞಾನದಂಥ ವಿಷಯಗಳಲ್ಲಿ ಪದವಿ ಕಡ್ಡಾಯ. ಒಬ್ಬರು ಮೂಲನಿವಾಸಿಗಳ ಸಂಸ್ಕೃತಿಯನ್ನು ಬಲ್ಲವರಾಗಿರಬೇಕು. ಯಾವ ಕುರ್ಚಿ ಯಾವ ಜ್ಞಾನಕ್ಕೆ ಎಂದು ಮೊದಲೇ ಬರೆದಿಟ್ಟರೆ ತಪ್ಪು ನೇಮಕ ಎಲ್ಲರ ಕಣ್ಣಿಗೂ ಬೀಳುತ್ತದೆ.

ಒಳ್ಳೆಯವರನ್ನು ನೇಮಿಸಿದರೆ ಸಾಕೇ? ಸಾಲದು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಸುಮಾರು 595 ಹೆಕ್ಟೇರ್ ಅರಣ್ಯ ಬೇಕಿತ್ತು. 2020ರ ಮಾರ್ಚ್ 9ರ ಸಭೆಯಲ್ಲಿ ರಾಜ್ಯ ಮಂಡಳಿಯ ಒಪ್ಪಿಗೆ ಸಿಗದ ಆ ಯೋಜನೆ ಮಾರ್ಚ್ 20ರಂದು ಮತ್ತೆ ಮಂಡಳಿಯ ಮುಂದೆ ಬಂತು. ಈ ಸಲ ಶಿಫಾರಸೂ ಆಯಿತು. ಅಧಿಕಾರೇತರ ಸದಸ್ಯರಲ್ಲಿ ಹಲವರು ವಿರೋಧಿಸಿದ್ದರು ಎಂದು ಪತ್ರಿಕೆಗಳು ಆಗಲೇ ವರದಿ ಮಾಡಿದ್ದವು. ಹನ್ನೊಂದು ದಿನಗಳಲ್ಲಿ ಪಶ್ಚಿಮಘಟ್ಟವಂತೂ ಬದಲಾಗಿರಲಿಲ್ಲ. ಜೂನ್‌ನಲ್ಲಿ ಹೈಕೋರ್ಟ್ ಆ ಶಿಫಾರಸಿಗೆ ತಡೆ ನೀಡಿತು.

ಇನ್ನೊಂದು ಕಿಂಡಿ ಸ್ಥಾಯಿ ಸಮಿತಿ. ರಾಷ್ಟ್ರೀಯ ಮಂಡಳಿಯ ಪೂರ್ಣ ಸಭೆ 2012ರ ಸೆಪ್ಟೆಂಬರ್ ನಂತರ ಸೇರಿದ್ದು 2025ರ ಮಾರ್ಚ್ 3ರಂದು, ಗೀರ್‌ನಲ್ಲಿ. ನಡುವಿನ ಹನ್ನೆರಡೂವರೆ ವರ್ಷ ಸ್ಥಾಯಿ ಸಮಿತಿಯದೇ ಕಾರುಬಾರು. ಅದರ ಸದಸ್ಯರನ್ನು ಆರಿಸುವವರು ಮಂಡಳಿಯ ಉಪಾಧ್ಯಕ್ಷರು, ಅಂದರೆ ಪರಿಸರ ಸಚಿವರು. 2022ರ ತಿದ್ದುಪಡಿ ರಾಜ್ಯಗಳಿಗೂ ಇದೇ ದಾರಿ ತೆರೆದಿದೆ. ಹತ್ತು ದಿಟ್ಟ ತಜ್ಞರು ಮಂಡಳಿಯಲ್ಲಿದ್ದರೂ ಅವರಲ್ಲಿ ಯಾರ ಬಾಯಿಗೆ ಕೆಲಸ ಕೊಡಬೇಕೆಂಬುದು ಸಚಿವರ ಕೈಯಲ್ಲಿ ಉಳಿಯುತ್ತದೆ.

ಮಾಹಿತಿ ಆಯುಕ್ತರ ನೇಮಕದ ಬಗ್ಗೆ 2019ರಲ್ಲಿ ಸುಪ್ರೀಂ ಕೋರ್ಟ್, ಆಯ್ಕೆಯ ಮಾನದಂಡವನ್ನು ಜನರ ಮುಂದಿಡಬೇಕೆಂದು ಹೇಳಿತು. ವನ್ಯಜೀವಿ ಮಂಡಳಿಗೂ ಅದೇ ಕ್ರಮ ಬರಲಿ. ಹೆಸರುಗಳನ್ನು ಮೊದಲೇ ಪ್ರಕಟಿಸಿ ಆಕ್ಷೇಪಣೆ ಕೇಳಲಿ. ಸದಸ್ಯರು ತಮ್ಮ ವ್ಯವಹಾರ, ಜಮೀನುಗಳ ವಿವರ ಕೊಡಲಿ. ಸ್ಥಾಯಿ ಸಮಿತಿಯನ್ನು ಮಂಡಳಿಯೇ ಆರಿಸಲಿ. ಸಭೆಯ ನಡಾವಳಿಯಲ್ಲಿ 'ಚರ್ಚಿಸಿ ಅನುಮೋದಿಸಲಾಯಿತು' ಎಂಬ ಒಂದು ಸಾಲಿನ ಬದಲು, ಯಾರು ಏಕೆ ಒಪ್ಪಲಿಲ್ಲ ಎಂಬುದು ಅವರದೇ ಮಾತಿನಲ್ಲಿ ದಾಖಲಾಗಲಿ. ನಾಳೆ ಪ್ರಕರಣ ನ್ಯಾಯಾಲಯಕ್ಕೆ ಹೋದಾಗ ನ್ಯಾಯಾಧೀಶರ ಮುಂದೆ ಬರುವುದು ಆ ಹಾಳೆಗಳೇ.