ಮೂರನೆಯ ಕವಲಿನ ಇನ್ನೊಬ್ಬ ವಾರಸುದಾರ

ಜೀವವಿಜ್ಞಾನದ ಪುಸ್ತಕಗಳು ಸಾಮಾನ್ಯವಾಗಿ ಹೇಳುವ ಕಥೆ ಇಷ್ಟು. 1977ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಬೇರೆ ಬೇರೆ ಜೀವಿಗಳ ಆರ್‌ಎನ್‌ಎ ಹೋಲಿಸಿ ನೋಡಿದರು. ಮೀಥೇನ್ ಅನಿಲ ಹೊರಡಿಸುವ ಕೆಲವು ಸೂಕ್ಷ್ಮಜೀವಿಗಳು ಬ್ಯಾಕ್ಟೀರಿಯಗಳೇ ಅಲ್ಲ ಎಂದು ಕಂಡರು. ಜೀವವೃಕ್ಷಕ್ಕೆ ಆರ್ಕಿಯ ಎಂಬ ಮೂರನೆಯ ಕವಲು ಸೇರಿತು. ಅದೇ ವಿಶ್ವವಿದ್ಯಾಲಯದ ರಾಲ್ಫ್ ವುಲ್ಫ್ ಅವರ ಹೆಸರು ಈ ಕಥೆಯಲ್ಲಿ ಬಂದರೂ, ಆ ಜೀವಿಗಳನ್ನು ಬೆಳೆಸಿಕೊಟ್ಟ ಸಹೋದ್ಯೋಗಿ ಎಂಬ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಈ ಕಥೆ ಸುಳ್ಳಲ್ಲ. ಆದರೆ ಅದು ಶುರುವಾಗುವ ಜಾಗ ತಪ್ಪು. ಹಾಗಾಗಿ ವಿಜ್ಞಾನ ನಡೆಯುವ ಬಗೆಯನ್ನೇ ಅದು ಓದುಗರಿಗೆ ತಪ್ಪಾಗಿ ಕಲಿಸುತ್ತದೆ ಎಂಬುದು ನನ್ನ ತಕರಾರು.

ವುಲ್ಫ್ (1921–2019) ಇಲಿನಾಯ್‌ನ ಅರ್ಬಾನಾ ಊರಿಗೆ ಬಂದದ್ದು 1953ರಲ್ಲಿ. ಅರವತ್ತರ ದಶಕದ ಆರಂಭದಲ್ಲಿ ಅವರು ಮೀಥೇನ್‌ಜನಕ ಜೀವಿಗಳತ್ತ ತಿರುಗಿದಾಗ ಆ ಕ್ಷೇತ್ರಕ್ಕೆ ಹೆಚ್ಚು ಜನ ಕಾಲಿಡುತ್ತಿರಲಿಲ್ಲ. ಈ ಜೀವಿಗಳು ಕೆರೆಯ ತಳದ ಕೆಸರಲ್ಲಿ, ದನದ ಮೆಲುಕು ಚೀಲದಲ್ಲಿ, ಚರಂಡಿಯ ಗಸಿಯಲ್ಲಿ ಬದುಕುವಂಥವು. ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಗುಂಡಿಯಿಂದ ಒಲೆಗೆ ಅನಿಲ ಕಳಿಸುವವೂ ಇದೇ ಬಳಗದವು. ಆಮ್ಲಜನಕ ಸೋಕಿದರೆ ಅವುಗಳ ಕೆಲಸ ನಿಂತುಹೋಗುತ್ತದೆ. ರಾಬರ್ಟ್ ಹಂಗೇಟ್ ರೂಪಿಸಿದ, ಆಮ್ಲಜನಕವಿಲ್ಲದೆ ಜೀವಿಗಳನ್ನು ಬೆಳೆಸುವ ವಿಧಾನ ಇತ್ತು, ಆದರೆ ಅದಕ್ಕೆ ಬೇಕಾಗುವ ತಾಳ್ಮೆ ಎಲ್ಲರಲ್ಲೂ ಇರಲಿಲ್ಲ.

ವುಲ್ಫ್ ತಂಡ ಆಗ ಬಳಸುತ್ತಿದ್ದದ್ದು ಎಚ್. ಎ. ಬಾರ್ಕರ್ ಪ್ರತ್ಯೇಕಿಸಿದ್ದ ‘ಮೀಥನೊಬ್ಯಾಸಿಲಸ್ ಒಮೆಲಿಯಾನ್ಸ್ಕಿ’. ಎಥನಾಲ್ ಉಂಡು ಮೀಥೇನ್ ಬಿಡುವ ಒಂದೇ ಜೀವಿ ಎಂದು ಅದನ್ನು ದಶಕಗಳ ಕಾಲ ನಂಬಲಾಗಿತ್ತು. ವುಲ್ಫ್ ತಂಡ 1963ರಲ್ಲಿ ಈ ಜೀವಿಯ ಕೋಶಗಳನ್ನು ಒಡೆದು ತೆಗೆದ ರಸವೇ ಮೀಥೇನ್ ತಯಾರಿಸುವುದನ್ನು ತೋರಿಸಿತ್ತು. ಕಿಣ್ವಗಳ ಅಧ್ಯಯನ ಇನ್ನು ಸಾಧ್ಯ ಎಂದು ಅದರ ಅರ್ಥ. 1967ರಲ್ಲಿ ಮಾರ್ವಿನ್ ಬ್ರಯಂಟ್ ಜೊತೆ ಸೇರಿ ವುಲ್ಫ್ ಮತ್ತು ವೋಲಿನ್ ದಂಪತಿ ಪ್ರಕಟಿಸಿದ ಪ್ರಬಂಧ ಆ ನಂಬಿಕೆಯನ್ನೇ ಬುಡಮೇಲು ಮಾಡಿತು. ಅದು ಒಂದು ಜೀವಿಯಲ್ಲ, ಎರಡು. ಒಂದು ಎಥನಾಲ್ ಒಡೆದು ಹೈಡ್ರೋಜನ್ ಬಿಡುತ್ತದೆ, ಇನ್ನೊಂದು ಆ ಹೈಡ್ರೋಜನ್ ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಮೀಥೇನ್ ಮಾಡುತ್ತದೆ. ತಾವು ವರ್ಷಗಟ್ಟಲೆ ಕೆಲಸ ಮಾಡಿದ ಜೀವಿ ಶುದ್ಧವಲ್ಲ ಎಂದು ಸಾರುವ ಪ್ರಬಂಧಕ್ಕೆ ವುಲ್ಫ್ ತಾವೇ ಸಹಿ ಹಾಕಿದರು. ಅವರ ಸ್ವಭಾವ ನನಗೆ ಅರ್ಥವಾದದ್ದು ಈ ಪ್ರಬಂಧದಿಂದಲೇ.

ಮುಂದಿನ ಇಪ್ಪತ್ತು ವರ್ಷ ಅವರ ಪ್ರಯೋಗಾಲಯ ಹಿಡಿದದ್ದು ಒಂದೇ ಪ್ರಶ್ನೆಯನ್ನು: ಒಂದು ಇಂಗಾಲದ ಪರಮಾಣು ಈ ಜೀವಿಯೊಳಗೆ ಯಾರ ಕೈಯಿಂದ ಯಾರ ಕೈಗೆ ದಾಟಿ ಮೀಥೇನ್ ಆಗುತ್ತದೆ? ಉತ್ತರ ಹುಡುಕುತ್ತ ಹೋದಂತೆ ಆಗ ಬೇರೆಲ್ಲೂ ಕಂಡಿರದ ಸಹಕಿಣ್ವಗಳು, ಅಂದರೆ ಕಿಣ್ವಗಳಿಗೆ ನೆರವಾಗುವ ಚಿಕ್ಕ ಅಣುಗಳು, ಸಿಕ್ಕವು. 1971ರಲ್ಲಿ ಸಿಕ್ಕಿದ ಸಹಕಿಣ್ವ ಎಂ, ಗೊತ್ತಿರುವ ಸಹಕಿಣ್ವಗಳಲ್ಲೆಲ್ಲ ಚಿಕ್ಕದು. ಅದರಲ್ಲಿರುವುದು ಬರೀ 2 ಇಂಗಾಲದ ಪರಮಾಣು. ಅದರ ರಚನೆ 1974ರಲ್ಲಿ ಗೊತ್ತಾಯಿತು. 1972ರಲ್ಲಿ ಬಂದ ಎಫ್-420, ಅತಿನೇರಳೆ ಬೆಳಕು ಬಿದ್ದರೆ ನೀಲಿ-ಹಸಿರಾಗಿ ಹೊಳೆಯುತ್ತದೆ. ಹಳದಿ ಬಣ್ಣದ ಎಫ್-430ರ ನಡುವೆ ನಿಕಲ್ ಇದೆ ಎಂದು ಜರ್ಮನಿಯ ರೂಡಾಲ್ಫ್ ಥೌವರ್ ಗುಂಪು ಮತ್ತು ವುಲ್ಫ್ ಗುಂಪು 1980ರಲ್ಲಿ ತೋರಿಸಿದವು. ಮೀಥೇನ್ ತಯಾರಿಯ ಕೊನೆಯ ಹಂತದ ಕಿಣ್ವ ಮೀಥೈಲ್-ಸಹಕಿಣ್ವ ಎಂ ರಿಡಕ್ಟೇಸ್. ಸಹಕಿಣ್ವ ಎಂ ಹೊತ್ತು ತಂದ ಮೀಥೈಲ್ ಗುಂಪನ್ನು ಈ ನಿಕಲ್ ನೆರವಿನಿಂದ ಬಿಡಿಸಿಕೊಂಡು ಮೀಥೇನ್ ಆಗಿ ಹೊರಬಿಡುವುದು ಅದೇ.

ಇಲ್ಲಿಗೆ ಬಂದಾಗಲೇ ಪ್ರಚಲಿತ ಕಥೆಯ ಕೊರತೆ ಎದ್ದು ಕಾಣುವುದು. ದನದ ಮೆಲುಕು ಚೀಲದಲ್ಲಿ ವಾಸಿಸುವ ‘ಮೀಥನೊಬ್ಯಾಕ್ಟೀರಿಯಂ ರೂಮಿನಾಂಟಿಯಂ’ ತನಗೆ ಬೇಕಾದ ಸಹಕಿಣ್ವ ಎಂ ತಾನೇ ತಯಾರಿಸಿಕೊಳ್ಳಲಾರದು, ಹೊರಗಿನಿಂದ ಕೊಡಬೇಕು. ಅಂದರೆ ಅದು ಎಷ್ಟು ಬೆಳೆಯಿತು ಎಂದು ನೋಡಿದರೆ ಎಷ್ಟು ಸಹಕಿಣ್ವ ಇತ್ತು ಎಂದು ಅಳೆಯಬಹುದು. ಆದರೆ ಆ ಅಳತೆಗೆ ಒಂದೇ ಸಲ ಹತ್ತಾರು ಕೊಳವೆಗಳಲ್ಲಿ ಜೀವಿಯನ್ನು ಬೆಳೆಸಬೇಕು; ಹಳೆಯ ವಿಧಾನದಲ್ಲಿ ಪ್ರತಿ ಕೊಳವೆಗೂ ಮತ್ತೆ ಮತ್ತೆ ಅನಿಲ ತುಂಬುತ್ತ ಕೂರಬೇಕಾಗಿತ್ತು. ವುಲ್ಫ್ ಅವರ ವಿದ್ಯಾರ್ಥಿ ವಿಲಿಯಂ ಬಾಲ್ಚ್ ದಪ್ಪ ರಬ್ಬರ್ ಬಿರಡೆ ಬಿಗಿದ ಗಾಜಿನ ಪಾತ್ರೆಯೊಳಗೆ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡನ್ನು ಒತ್ತಡದಲ್ಲಿ ತುಂಬಿ, ಸಿರಿಂಜಿನ ಸೂಜಿಯಿಂದಲೇ ಎಲ್ಲ ವ್ಯವಹಾರ ನಡೆಸುವ ವಿಧಾನ ಕಂಡುಹಿಡಿದರು. 1976ರಲ್ಲಿ ಬಾಲ್ಚ್ ಮತ್ತು ವುಲ್ಫ್ ಅದನ್ನು ಪ್ರಕಟಿಸಿದರು.

ವೋಸ್ ಅವರಿಗೆ ಬೇಕಾಗಿದ್ದದ್ದು ಇದೇ. ಆಗಿನ ಆರ್‌ಎನ್‌ಎ ಹೋಲಿಕೆಗೆ ಜೀವಿಯನ್ನು ವಿಕಿರಣಶೀಲ ರಂಜಕ ಉಣಿಸಿ ಬೆಳೆಸಬೇಕಿತ್ತು. ಅನಿಲ ಹಾಯಿಸುತ್ತ ತೆರೆದು ಮುಚ್ಚುವ ಪಾತ್ರೆಯಲ್ಲಿ ಅಷ್ಟು ವಿಕಿರಣಶೀಲ ವಸ್ತು ಇಡುವುದು ಅಪಾಯ. ಮುಚ್ಚಿ ಬಿಗಿದ ಪಾತ್ರೆಯಲ್ಲಿ ಅದು ಸುರಕ್ಷಿತವಾಗಿ ಆಯಿತು. ಮೊದಲು ಪರೀಕ್ಷೆಗೆ ಕೊಟ್ಟದ್ದು ಅರ್ಬಾನಾದ ಚರಂಡಿ ಗಸಿಯಿಂದ ವುಲ್ಫ್ ಮತ್ತು ಅವರ ಸಹೋದ್ಯೋಗಿ ಜೈಕಸ್ 1972ರಲ್ಲಿ ಪ್ರತ್ಯೇಕಿಸಿದ್ದ, 65 ಡಿಗ್ರಿ ಬಿಸಿಯಲ್ಲಿ ಬೆಳೆಯುವ ಜೀವಿ. ಅದರ ಆರ್‌ಎನ್‌ಎ ಗುರುತು ನೋಡಿದ ವೋಸ್, ಇವು ಬ್ಯಾಕ್ಟೀರಿಯಗಳೇ ಅಲ್ಲ ಎಂದು ವುಲ್ಫ್ ಬಳಿಗೆ ಬಂದು ಹೇಳಿದರು. ಹೀಗೆ, ಒಂದು ಸಹಕಿಣ್ವದ ಪ್ರಮಾಣ ಅಳೆಯಲು ಹುಟ್ಟಿದ ವಿಧಾನ ಜೀವವೃಕ್ಷದ ಮೂರನೆಯ ಕವಲಿಗೆ ಬಾಗಿಲಾಯಿತು. ಇದನ್ನು ಜೀವಿಗಳನ್ನು ‘ಬೆಳೆಸಿಕೊಟ್ಟರು’ ಎಂದು ಬರೆಯುವುದು ಅನ್ಯಾಯ.

ಪ್ರಬಂಧಗಳನ್ನೇ ನೋಡಿ. 1977ರ ಅಕ್ಟೋಬರ್‌ನಲ್ಲಿ ಬಂದ ಪ್ರಬಂಧ 10 ಬಗೆಯ ಮೀಥೇನ್‌ಜನಕಗಳ ಆರ್‌ಎನ್‌ಎ ಹೋಲಿಸಿ, ಅವೆಲ್ಲ ಒಂದೇ ಬಳಗ, ಸಾಮಾನ್ಯ ಬ್ಯಾಕ್ಟೀರಿಯಗಳಿಗೆ ಬಲು ದೂರದವು ಎಂದು ತೋರಿಸಿತು. ಅದಕ್ಕೆ ಫಾಕ್ಸ್, ಮ್ಯಾಗ್ರಂ, ಬಾಲ್ಚ್, ವುಲ್ಫ್, ವೋಸ್ ಎಂದು ಐದು ಹೆಸರು. ನವೆಂಬರ್‌ನಲ್ಲಿ ಬಂದ, ಹೊಸ ಸಾಮ್ರಾಜ್ಯವನ್ನು ಹೆಸರಿಸಿದ ಪ್ರಬಂಧಕ್ಕೆ ವೋಸ್ ಮತ್ತು ಫಾಕ್ಸ್ ಎಂದು ಎರಡೇ ಹೆಸರು. ಜನ ನೆನಪಿಟ್ಟುಕೊಂಡದ್ದು ಎರಡನೆಯದನ್ನು. ಆದರೆ ಆ ಮಾತಿಗೆ ಬಲ ಕೊಟ್ಟ ಪುರಾವೆಯ ದೊಡ್ಡ ಪಾಲು ಮೊದಲನೆಯದರಲ್ಲಿದೆ.

ಎದುರಾಳಿಗಳ ವಾದ ಬಲವಾಗಿಯೇ ಇದೆ. ಆರ್‌ಎನ್‌ಎ ಹೋಲಿಸಿ ಜೀವಿಗಳ ವಂಶಾವಳಿ ಬರೆಯಬಹುದೆಂದು ನಂಬಿ ವರ್ಷಗಟ್ಟಲೆ ಒಂಟಿಯಾಗಿ ದುಡಿದವರು ವೋಸ್. ಆ ದೃಷ್ಟಿ ವುಲ್ಫ್ ಅವರದ್ದಾಗಿರಲಿಲ್ಲ. ಉಪ್ಪುಪ್ರಿಯ ಜೀವಿಗಳೂ ಇದೇ ಕವಲಿಗೆ ಸೇರಿದವು ಎಂದು ಬೇಗನೇ ಗೊತ್ತಾದದ್ದರಿಂದ, ಆ ದಾರಿಯಿಂದಲೂ ವೋಸ್ ಅಲ್ಲಿಗೆ ತಲುಪುತ್ತಿದ್ದರು ಎನ್ನಬಹುದು. ಇಷ್ಟನ್ನು ಒಪ್ಪುತ್ತೇನೆ. ವುಲ್ಫ್ ಅವರನ್ನು ವಿಜ್ಞಾನ ಲೋಕ ಕಡೆಗಣಿಸಿತು ಎಂದೂ ನಾನು ಹೇಳುತ್ತಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಅವರು 1981ರಲ್ಲೇ ಆಯ್ಕೆಯಾದರು, ವೋಸ್ ಆಯ್ಕೆಯಾದದ್ದು 1988ರಲ್ಲಿ. ಆದರೆ ವೋಸ್ ಇನ್ನೊಂದು ದಾರಿಯಿಂದ ಹೋಗಬಹುದಿತ್ತು ಎಂಬುದು, ಅವರು ನಿಜವಾಗಿ ನಡೆದ ದಾರಿಯನ್ನು ಅಳಿಸಲು ಕಾರಣವಾಗದು. ಬಗೆಬಗೆಯ ಆಕಾರದ 10 ಜೀವಿಗಳು ಒಂದೇ ಅಸಾಮಾನ್ಯ ಗುರುತು ತೋರಿಸಿದ್ದರಿಂದಲೇ ಅದನ್ನು ಆಕಸ್ಮಿಕ ಎಂದು ತಳ್ಳಿಹಾಕಲಾಗಲಿಲ್ಲ. ಜೊತೆಗೆ ಆ ಜೀವಿಗಳ ವಿಚಿತ್ರ ಸಹಕಿಣ್ವಗಳು, ಇವು ಬೇರೆ ಜಾತಿಯ ಬದುಕು ಎಂಬುದಕ್ಕೆ ಆರ್‌ಎನ್‌ಎ ಆಚೆಗಿನ ಸಾಕ್ಷಿಯಾಗಿದ್ದವು.

ಈ ಶೋಧದ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂದ ದಿನ ನೊಬೆಲ್ ಪುರಸ್ಕೃತ ಸಾಲ್ವಡಾರ್ ಲೂರಿಯಾ ವುಲ್ಫ್ ಅವರಿಗೆ ಫೋನ್ ಮಾಡಿ, ಈ ಅಸಂಬದ್ಧದಿಂದ ದೂರ ಸರಿಯದಿದ್ದರೆ ನಿಮ್ಮ ವೃತ್ತಿಜೀವನ ಹಾಳಾಗುತ್ತದೆ ಎಂದು ಎಚ್ಚರಿಸಿದರು. ಪ್ರಬಂಧಗಳನ್ನು ಓದಿ ಆಮೇಲೆ ಮಾತಾಡಿ ಎಂದು ವುಲ್ಫ್ ಉತ್ತರಿಸಿದರು. ಬರೀ ಜೀವಿ ಬೆಳೆಸಿಕೊಟ್ಟವರಾಗಿದ್ದರೆ ಆ ಫೋನ್ ಅವರಿಗೆ ಬರುತ್ತಲೇ ಇರಲಿಲ್ಲ. ಅವರ ಹೆಸರು ಆ ಕೆಲಸಕ್ಕೆ ಭರವಸೆಯಾಗಿತ್ತು, ಅವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವುಲ್ಫ್ ಪ್ರಯೋಗಾಲಯ ಹಿಂಬಾಲಿಸಿದ ಆ ಕಿಣ್ವ, ಸಹಕಿಣ್ವಗಳ ಮುಂದಿನ ಬದುಕನ್ನೂ ಹೇಳಬೇಕು. 1997ರಲ್ಲಿ ಥೌವರ್ ಬಳಗ ರಿಡಕ್ಟೇಸ್ ಕಿಣ್ವದ ಸ್ಫಟಿಕ ರಚನೆ ಬಿಡಿಸಿತು. ಮೀಥೈಲ್-ಸಹಕಿಣ್ವ ಎಂ ರೂಪವನ್ನೇ ಹೋಲುವ 3-ನೈಟ್ರಾಕ್ಸಿಪ್ರೊಪನಾಲ್ ಆ ಕಿಣ್ವದ ಒಳಗೆ ಕೂತು ನಿಕಲ್ಲನ್ನು ನಿಷ್ಕ್ರಿಯಗೊಳಿಸುತ್ತದೆ. ಮೇವಿನಲ್ಲಿ ಬೆರೆಸಿದರೆ ಹಸುವಿನ ಮೀಥೇನ್ ಸುಮಾರು ಶೇ 30ರಷ್ಟು ಇಳಿಯುತ್ತದೆ, ಅಮೆರಿಕದಲ್ಲಿ 2024ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಎಫ್-420 ಕ್ಷಯದ ರೋಗಾಣುವಿನಲ್ಲೂ ಇದೆ. ಔಷಧಿಗೆ ಬಗ್ಗದ ಕ್ಷಯಕ್ಕೆ ನಮ್ಮ ದೇಶವೂ ಈಗ ಬಳಸುವ ಪ್ರಿಟೋಮಾನಿಡ್ ಚುರುಕಾಗುವುದು ಎಫ್-420 ಅವಲಂಬಿಸಿದ ಕಿಣ್ವದಿಂದಲೇ.

ಪಠ್ಯ ಬರೆಯುವವರಲ್ಲಿ, ಪಾಠ ಹೇಳುವವರಲ್ಲಿ ನನ್ನ ಕೋರಿಕೆ ಒಂದೇ. ಆರ್ಕಿಯದ ಅಧ್ಯಾಯವನ್ನು 1977ರಿಂದಲ್ಲ, 1967ರಿಂದ ಆರಂಭಿಸಿ. ವೋಸ್ ಮತ್ತು ಫಾಕ್ಸ್ ಪ್ರಬಂಧದ ಪಕ್ಕದಲ್ಲೇ ಬಾಲ್ಚ್ ಮತ್ತು ವುಲ್ಫ್ ಅವರ 1976ರ ಪ್ರಬಂಧವನ್ನೂ ಹೆಸರಿಸಿ.