ಆರೈಕೆಗೆ ಒಪ್ಪಿಸಿಕೊಂಡವರು

ಕ್ರೈಸ್ತ ಸಭೆಗಳಲ್ಲಿ ಕೊಡುವುದರ ಬಗೆಗಿನ ಉಪದೇಶಕ್ಕೆ ಎಂದೂ ಬರವಿಲ್ಲ. ಹಸಿದವರಿಗೆ ಬಡಿಸಿ, ರೋಗಿಗಳನ್ನು ನೋಡಿಬನ್ನಿ, ಕಾಣಿಕೆಗೆ ಕೈ ಬಿಗಿಹಿಡಿಯಬೇಡಿ ಎಂದು ಚಿಕ್ಕಂದಿನಿಂದ ಕೇಳುತ್ತಲೇ ಬರುತ್ತೇವೆ. ಬಿದ್ದು ಸೊಂಟ ಮುರಿದುಕೊಂಡವರು, ಇನ್ನೊಬ್ಬರು ಬಂದು ಬೆಡ್‌ಪ್ಯಾನ್ ಇಡುವ ತನಕ ಕಾಯಬೇಕಾದವರು ಆ ದಿನಗಳನ್ನು ಹೇಗೆ ಕಳೆಯಬೇಕು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ತಾಳ್ಮೆಯಿಂದಿರಿ, ದೇವರು ಎಬ್ಬಿಸುತ್ತಾನೆ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಎಬ್ಬಿಸುವ ತನಕ ಏನು? ಈ ಪ್ರಶ್ನೆಯನ್ನಿಟ್ಟುಕೊಂಡು ಎರಡು ಪುಸ್ತಕಗಳನ್ನು ಜೊತೆಜೊತೆಗೆ ಓದಬಹುದು. ಎರಡೂ ಹುಟ್ಟಿದ್ದು ರಸ್ತೆ ಅಪಘಾತದಿಂದ, ಎರಡರಲ್ಲೂ ಪೆಟ್ಟು ತಿಂದವರು ಅಲ್ಲಿಯವರೆಗೆ ಬೇರೆಯವರನ್ನು ನೋಡಿಕೊಳ್ಳುತ್ತಿದ್ದವರು.

ಮೊದಲನೆಯದು ಡೊರೊಥಿ ಕ್ಲಾರ್ಕ್ ವಿಲ್ಸನ್ 1963ರಲ್ಲಿ ಪ್ರಕಟಿಸಿದ 'ಟೇಕ್ ಮೈ ಹ್ಯಾಂಡ್ಸ್', ಡಾ. ಮೇರಿ ವರ್ಗೀಸ್ ಅವರ ಜೀವನಚರಿತ್ರೆ. ಬೆಂಗಳೂರಿನಿಂದ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುವ ಕನ್ನಡಿಗರು ಇಂದಿಗೂ ಕಡಿಮೆಯೇನಿಲ್ಲ. ಮೇರಿ ಆ ಸಂಸ್ಥೆಯ ಮಗಳು. ಹುಟ್ಟಿದ್ದು 1925ರಲ್ಲಿ, ಕೊಚ್ಚಿ ಸಮೀಪದ ಚೆರಾಯಿಯ ಅನುಕೂಲಸ್ಥ ಸಿರಿಯನ್ ಕ್ರೈಸ್ತ ಮನೆತನದಲ್ಲಿ. ವೆಲ್ಲೂರಿನಲ್ಲಿ ಓದಿ ವೈದ್ಯೆಯಾದರು. 1954ರಲ್ಲಿ ಸಹೋದ್ಯೋಗಿಗಳ ಜೊತೆ ಹೋಗುತ್ತಿದ್ದಾಗ ಕಾರು ಮಗುಚಿತು. ಮುಖಕ್ಕೆ ಆಳವಾದ ಗಾಯ, ಬೆನ್ನುಹುರಿಗೆ ಪೆಟ್ಟು. ಸೊಂಟದಿಂದ ಕೆಳಗೆ ಮತ್ತೆಂದೂ ಸ್ವಾಧೀನ ಬರಲಿಲ್ಲ. ಕುಷ್ಠರೋಗಿಗಳ ಮುರುಟಿದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ವೆಲ್ಲೂರಿನಲ್ಲಿ ಬೆಳೆಸುತ್ತಿದ್ದ ಡಾ. ಪಾಲ್ ಬ್ರಾಂಡ್, ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದೆಂದು ಹುರಿದುಂಬಿಸಿದರು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸಕಿಯಾದರು. ಆಮೇಲೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ನಂತರ ನ್ಯೂಯಾರ್ಕಿನಲ್ಲಿ ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನಶ್ಚೇತನ ವೈದ್ಯಶಾಸ್ತ್ರ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗದ ಹೊಣೆ ಹೊತ್ತರು. ಅಲ್ಲಿನ ಪುನಶ್ಚೇತನ ಕೇಂದ್ರ 1966ರಲ್ಲಿ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು.

ಇಂಥ ಬದುಕನ್ನು ಬರೆಯುವವರಿಗೆ ಸಾಮಗ್ರಿಯ ಕೊರತೆಯಿಲ್ಲ. ವಿಲ್ಸನ್ ನುರಿತ ಲೇಖಕಿ. ವೆಲ್ಲೂರಿನ ಸಂಸ್ಥಾಪಕಿ ಐಡಾ ಸ್ಕಡರ್ ಬಗ್ಗೆ ಇದಕ್ಕೆ ಮುಂಚೆ, ಪಾಲ್ ಬ್ರಾಂಡ್ ಬಗ್ಗೆ ಇದಾದ ಮೇಲೆ ಬರೆದವರು. ಕಥೆ ಎಲ್ಲೂ ನಿಲ್ಲದೆ ಓಡುತ್ತದೆ. ನನ್ನ ಆಕ್ಷೇಪವೂ ಆ ಓಟದ ಮೇಲೆಯೇ. ಪುಸ್ತಕದ ಹೆಸರೇ ಕೈಗಳನ್ನು ಮುಂದೆ ಮಾಡುತ್ತದೆ: ಕಾಲು ಹೋದರೂ ಕೈ ಉಳಿದಿದೆ, ಅದನ್ನು ದೇವರಿಗೆ ಒಪ್ಪಿಸುತ್ತೇನೆ ಎಂಬ ಅರ್ಪಣೆ. ಹೀಗೆ ಹೆಸರಿಟ್ಟಾಗಲೇ ಕಥೆಯ ದಿಕ್ಕು ಗೊತ್ತಾಗಿಬಿಡುತ್ತದೆ. ಮೇರಿ ಮಲಗಿದ್ದ ಕಾಲ ದಾಟಬೇಕಾದ ಕತ್ತಲೆ. ಆಕೆ ಚಾಕು ಹಿಡಿದ ದಿನ ಬೆಳಕು. ಓದುಗರೂ ಅದನ್ನೇ ಕಾಯುತ್ತಾರೆ. ಆದರೆ ಕ್ರೈಸ್ತ ಓದುಗರು ಒಂದು ಕ್ಷಣ ನಿಂತು ಕೇಳಿಕೊಳ್ಳಬೇಕು: ಆಕೆಗೆ ಶಸ್ತ್ರಚಿಕಿತ್ಸೆ ಮಾಡುವ ಶಕ್ತಿ ಮರಳದೇ ಹೋಗಿದ್ದರೆ? ಮಂಚದ ಮೇಲೇ ಉಳಿದಿದ್ದರೆ, ಆ ಬದುಕಿನ ಬಗ್ಗೆ ಹೇಳಲು ನಮ್ಮಲ್ಲಿ ಏನಾದರೂ ಇರುತ್ತಿತ್ತೇ? ಕೆಲಸಕ್ಕೆ ಬಂದ ಮೇಲಷ್ಟೇ ಬದುಕಿಗೆ ಬೆಲೆ ಎನ್ನುವುದಾದರೆ, ಕೃಪೆಯ ಬಗ್ಗೆ ನಾವು ಹಾಡುವುದೆಲ್ಲ ಬಾಯಿಮಾತು.

ಬೆನ್ನುಹುರಿಗೆ ಪೆಟ್ಟಾದವರ ದಿನಚರಿ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಪರ್ಶವೇ ತಿಳಿಯದ ಭಾಗದಲ್ಲಿ ಚರ್ಮ ಒತ್ತಿ ಹುಣ್ಣಾದರೆ ಅವರಿಗೆ ಗೊತ್ತಾಗುವುದಿಲ್ಲ. ಸುಮಾರು ಎರಡು ಗಂಟೆಗೊಮ್ಮೆ, ರಾತ್ರಿಯಲ್ಲೂ, ಯಾರಾದರೂ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳಭಾಗ, ಹಿಮ್ಮಡಿ ಕೆಂಪಾಗಿದೆಯೇ ಎಂದು ಇನ್ನೊಬ್ಬರು ಕಣ್ಣಿಟ್ಟು ನೋಡಬೇಕು. ಮಲಮೂತ್ರದ ಹಿಡಿತ ತಪ್ಪಿರುತ್ತದೆ. ಹಿಂದೆ ಇಂಥ ಗಾಯಾಳುಗಳಲ್ಲಿ ಬಹುಪಾಲು ಮಂದಿ ಬೆನ್ನುಹುಣ್ಣು, ಮೂತ್ರದ ಸೋಂಕುಗಳಿಂದಲೇ ಸಾಯುತ್ತಿದ್ದರು. ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಬೆನ್ನುಹುರಿಯ ಗಾಯಾಳುಗಳಿಗೆ ಪ್ರತ್ಯೇಕ ವಿಭಾಗ ತೆರೆದು, ಮಗ್ಗುಲು ಬದಲಿಸುವ ಈ ಕೆಲಸವನ್ನು ಕಟ್ಟುನಿಟ್ಟಾಗಿ ಮಾಡಿಸಿದ ಮೇಲೆ ಚಿತ್ರ ಬದಲಾಯಿತು. ಮೇರಿಗೆ ಅಪಘಾತವಾಗುವಾಗ ಆ ತಿಳಿವಳಿಕೆಗೆ ಬರೀ ಹತ್ತು ವರ್ಷ. ಅಂದರೆ ಮೇರಿಯ ಕೈಗಳು ಕುಷ್ಠರೋಗಿಗಳ ಕೈಗಳನ್ನು ಮುಟ್ಟುವ ಮುಂಚೆ ಎಷ್ಟೋ ಕೈಗಳು ಮೇರಿಯನ್ನು ಮುಟ್ಟಿ, ತೊಳೆದು, ಹೊರಳಿಸಿ, ಜೀವ ಉಳಿಸಿದ್ದವು. ಆಕೆಯ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಪ್ರೇರಣೆ ಕೊಡಲೆಂದು ಬರೆಯುವ ಜೀವನಚರಿತ್ರೆಗಳು ಈ ಮೈಯ ವಿಷಯಗಳನ್ನು ಸಂಕೋಚದಿಂದ ಬದಿಗೆ ಸರಿಸುತ್ತವೆ. ಸರಿಸಿದಾಗ ಆ ದಾದಿಯರೂ ಆಯಾಗಳೂ ಜೊತೆಗೇ ಮರೆಯಾಗುತ್ತಾರೆ.

ವೈದ್ಯೆಯಾಗಿದ್ದವಳಿಗೆ ಇದು ಇನ್ನೂ ಕಷ್ಟ. ನಿನ್ನೆಯವರೆಗೆ ವಾರ್ಡಿನಲ್ಲಿ ಹೇಳಿ ಮಾಡಿಸುತ್ತಿದ್ದವಳು ಇಂದು ಅದೇ ಆಸ್ಪತ್ರೆಯಲ್ಲಿ ಮೈ ಒಪ್ಪಿಸಿ ಮಲಗಬೇಕು. ನಮ್ಮ ನಾಡಿನಲ್ಲಿ ಮುಟ್ಟುವುದು ಎಂದೂ ಬರೀ ಮುಟ್ಟುವುದಾಗಿ ಉಳಿದಿಲ್ಲ. ಯಾರ ಕೈ ಯಾರ ಮೈಗೆ ಎಂಬ ಲೆಕ್ಕ ಆಸ್ಪತ್ರೆಯ ಒಳಗೂ ಬರುತ್ತದೆ, ಕ್ರೈಸ್ತರ ಮನೆಗೂ ಬರುತ್ತದೆ. ಲೂಕನ ಸುವಾರ್ತೆಯ ಸಮಾರ್ಯದವನ ಸಾಮತಿಯನ್ನು ಉಪದೇಶಕರು ಸಾಮಾನ್ಯವಾಗಿ ಸಹಾಯ ಮಾಡಿದವನ ಕಡೆಯಿಂದ ಹೇಳುತ್ತಾರೆ. ಬಿದ್ದವನ ಕಡೆಯಿಂದ ಓದಿ ನೋಡಿ. ಅರೆಜೀವವಾಗಿ ದಾರಿಯಲ್ಲಿ ಬಿದ್ದವನು ಕಥೆಯುದ್ದಕ್ಕೂ ಒಂದು ಮಾತೂ ಆಡುವುದಿಲ್ಲ. ತನ್ನ ಜನರು ಹೇಸುತ್ತಿದ್ದ ಕುಲದವನೊಬ್ಬ ಬಂದು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ, ತನ್ನ ಪ್ರಾಣಿಯ ಮೇಲೆ ಕೂರಿಸುತ್ತಾನೆ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ. ಬೇಡವೆನ್ನುವ ಶಕ್ತಿಯೂ ಅವನಿಗೆ ಇರಲಿಲ್ಲ. ನೆರೆಯವನು ಯಾರು ಎಂದು ಯೇಸುವನ್ನು ಕೇಳಿದ ಧರ್ಮಶಾಸ್ತ್ರಜ್ಞನಿಗೆ ಸಿಕ್ಕ ಉತ್ತರದ ಖಾರ ಅಲ್ಲಿದೆ: ನೀನು ಯಾರಿಗೆ ಕೊಡಬೇಕು ಎಂಬುದರ ಜೊತೆಗೆ, ಯಾರಿಂದ ಪಡೆಯಲು ನಿನ್ನ ಮೈ ಒಪ್ಪುತ್ತದೆ ಎಂಬುದನ್ನೂ ಅದು ಕೇಳುತ್ತದೆ.

ಎರಡನೆಯ ಪುಸ್ತಕ ಹೆನ್ರಿ ನೌವೆನ್ 1990ರಲ್ಲಿ ಪ್ರಕಟಿಸಿದ 'ಬಿಯಾಂಡ್ ದ ಮಿರರ್'. ಚಿಕ್ಕ ಪುಸ್ತಕ. ಡಚ್ ಮೂಲದ ಈ ಕಥೊಲಿಕ ಗುರು ಯೇಲ್, ಹಾರ್ವರ್ಡ್‌ಗಳಲ್ಲಿ ಪಾಠ ಹೇಳುತ್ತಿದ್ದವರು, ಅದನ್ನೆಲ್ಲ ಬಿಟ್ಟು 1986ರಲ್ಲಿ ಕೆನಡಾದ ಟೊರಾಂಟೊ ಬಳಿಯ ಡೇಬ್ರೇಕ್ ಎಂಬ ಸಮುದಾಯಕ್ಕೆ ಬಂದರು. ಅದು ಬುದ್ಧಿ ಬೆಳವಣಿಗೆ ಕುಂಠಿತವಾದವರೂ ಅವರ ಸಹಾಯಕರೂ ಒಂದೇ ಸೂರಿನಡಿ ಬದುಕುವ 'ಲಾರ್ಶ್' ಸಮುದಾಯಗಳಲ್ಲೊಂದು. ಮಾತಾಡಲು ಬಾರದ, ಆಸರೆಯಿಲ್ಲದೆ ನಡೆಯಲಾರದ ಆಡಮ್ ಎಂಬ ಯುವಕನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಉಣಿಸುವ ಕೆಲಸ ಅವರ ಪಾಲಿಗೆ ಬಂತು. 1989ರ ಚಳಿಗಾಲದ ಒಂದು ಬೆಳಿಗ್ಗೆ, ಹಿಮ ಹೆಪ್ಪುಗಟ್ಟಿದ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ವ್ಯಾನೊಂದರ ಕನ್ನಡಿ ಅವರಿಗೆ ಬಡಿಯಿತು. ಪಕ್ಕೆಲುಬುಗಳು ಮುರಿದವು, ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಗುಲ್ಮವನ್ನೇ ತೆಗೆಯಬೇಕಾಯಿತು.

ನೌವೆನ್ ಬರೆದದ್ದು ತಮ್ಮದೇ ಗಾಯದ ಬಗ್ಗೆ. ಹಾಗಾಗಿ ವಿಲ್ಸನ್‌ಗೆ ದಕ್ಕದ ಒಂದು ನೇರತನ ಇಲ್ಲಿದೆ. ಸಾವು ಹತ್ತಿರ ಬಂದಾಗ ಯೇಸುವಿನ ಸಾನ್ನಿಧ್ಯ ಹೇಗೆ ಆವರಿಸಿತು, ಹೋಗಲು ಹೇಗೆ ಸಿದ್ಧನಾಗಿದ್ದೆ ಎಂದು ಬರೆಯುತ್ತಾರೆ. ತನ್ನನ್ನು ನೋಯಿಸಿದವರನ್ನೆಲ್ಲ ಕ್ಷಮಿಸಿದ್ದೇನೆ, ತಾನು ನೋಯಿಸಿದವರೂ ಕ್ಷಮಿಸಲಿ ಎಂದು ತಿಳಿಸಲು ಗೆಳತಿಗೆ ಹೇಳಿದ್ದನ್ನು ಬರೆಯುತ್ತಾರೆ. ಚೇತರಿಸಿಕೊಂಡು ಹಳೆಯ ಕೆಲಸ, ಗಡಿಬಿಡಿಗಳಿಗೆ ಮರಳಿದಂತೆ ಆ ಶಾಂತಿ ಕೈಜಾರುತ್ತಿದೆ ಎಂಬ ಅಳುಕನ್ನೂ ಮುಚ್ಚಿಡುವುದಿಲ್ಲ. ಗುಣವಾಗುವುದರಲ್ಲೂ ಒಂದು ನಷ್ಟವಿದೆ ಎನ್ನಲು ಧೈರ್ಯ ಬೇಕು. ಪುಸ್ತಕದ ನಿಜವಾದ ಬೆಲೆ ಇರುವುದು ಅಲ್ಲಿ.

ಆದರೂ ತೃಪ್ತಿಯಾಗುವುದಿಲ್ಲ. ನೌವೆನ್‌ಗೆ ಸಾವಿನ ಹೊಸ್ತಿಲು ಕಂಡಷ್ಟು ಸ್ಪಷ್ಟವಾಗಿ ಆಸ್ಪತ್ರೆಯ ಬೆಳಗಿನ ಹೊತ್ತು ಕಾಣುವುದಿಲ್ಲ. ಒಮ್ಮೆ ಆಡಮ್‌ಗೆ ಬಟ್ಟೆ ತೊಡಿಸಿದ ಕೈ ಇಂದು ತನ್ನ ಅಂಗಿಯ ಗುಂಡಿಗೆ ಬೇರೆಯವರನ್ನು ಕಾಯುತ್ತದೆ. ಇಷ್ಟು ದೊಡ್ಡ ತಿರುವನ್ನು ಅವರು ಇನ್ನೂ ನಿಧಾನವಾಗಿ ನೋಡಬೇಕಿತ್ತು. ಅನುಭಾವಕ್ಕೆ ಬೇಗ ಏರುವುದು ಅವರ ಶೈಲಿಯ ಶಕ್ತಿಯೂ ಹೌದು, ದೌರ್ಬಲ್ಯವೂ ಹೌದು. ಒಬ್ಬರು ಸೇವೆಯ ಕಡೆಗೆ, ಇನ್ನೊಬ್ಬರು ಪರಲೋಕದ ಕಡೆಗೆ ಅವಸರಪಡುತ್ತಾರೆ. ನಡುವೆ ಮಂಚ ಹಾಗೇ ಉಳಿಯುತ್ತದೆ.

ಸುವಾರ್ತೆಗಳಿಗೆ ಆ ಅವಸರವಿಲ್ಲ. ಬೇಥಾನ್ಯದಲ್ಲಿ ಹೆಂಗಸೊಬ್ಬಳು ಬೆಲೆಬಾಳುವ ಸುಗಂಧತೈಲ ತಂದು ಯೇಸುವಿನ ತಲೆಗೆ ಸುರಿದಾಗ, ಅದನ್ನು ಮಾರಿ ಬಡವರಿಗೆ ಕೊಡಬಹುದಿತ್ತೆಂದು ಸುತ್ತಲಿದ್ದವರು ಸಿಡುಕುತ್ತಾರೆ. ಯೇಸು ತೈಲವನ್ನು ತಡೆಯುವುದಿಲ್ಲ. ಅವಳನ್ನು ಬಿಟ್ಟುಬಿಡಿ ಎನ್ನುತ್ತಾರೆ. ತಾವೇ ಕಾಲು ತೊಳೆಯಲು ಬಂದಾಗ ಬೇಡವೆಂದ ಪೇತ್ರನಿಗೆ, ಇದನ್ನು ಒಪ್ಪದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂಬಷ್ಟು ಕಟುವಾಗಿ ಹೇಳುತ್ತಾರೆ. ಅದೇ ಪೇತ್ರನಿಗೆ ಮುಂದೆ, ವಯಸ್ಸಾದಾಗ ಬೇರೊಬ್ಬರು ನಿನ್ನ ನಡುವಿಗೆ ಕಟ್ಟಿ ಇಷ್ಟವಿಲ್ಲದ ಕಡೆಗೆ ಒಯ್ಯುವರೆಂಬ ಮಾತೂ ಸಿಗುತ್ತದೆ. ಪೌಲನೂ ಅಷ್ಟೆ. ಗಲಾತ್ಯದವರಿಗೆ ಮೊದಲು ಸುವಾರ್ತೆ ಸಾರಿದ್ದೇ ತನ್ನ ದೇಹದ ಅಸ್ವಸ್ಥತೆಯ ಕಾರಣದಿಂದ ಎಂದು ಬರೆಯುತ್ತಾನೆ. ಆ ಸ್ಥಿತಿಯಲ್ಲಿ ನೀವು ನನ್ನನ್ನು ಅಸಹ್ಯಪಡಲಿಲ್ಲ, ಸಾಧ್ಯವಿದ್ದರೆ ಕಣ್ಣನ್ನೇ ಕಿತ್ತುಕೊಡುತ್ತಿದ್ದಿರಿ ಎಂದು ನೆನೆಯುತ್ತಾನೆ. ಅದೇ ಪತ್ರದ ಕೊನೆಗೆ ಒಬ್ಬರ ಭಾರವನ್ನು ಒಬ್ಬರು ಹೊರಬೇಕೆನ್ನುತ್ತಾನೆ, ಬೆನ್ನಿಗೇ ಪ್ರತಿಯೊಬ್ಬನೂ ತನ್ನ ಹೊರೆ ತಾನು ಹೊರಬೇಕೆಂದೂ ಹೇಳುತ್ತಾನೆ. ಎರಡೂ ನಿಜವೆಂಬುದನ್ನು ಹಾಸಿಗೆ ಹಿಡಿದವರು ದಿನವೂ ಕಂಡುಕೊಳ್ಳುತ್ತಾರೆ. ಫಿಸಿಯೊಥೆರಪಿಯ ನೋವನ್ನು ಬೇರೆ ಯಾರೂ ಅನುಭವಿಸಿಕೊಡಲಾರರು. ಮಂಚದಿಂದ ಕುರ್ಚಿಗೆ ಮೈ ಸರಿಸುವುದನ್ನು ಕಲಿಯುವುದು ಗಾಯಾಳುವಿನದೇ ದುಡಿಮೆ. ಮೇರಿ ನ್ಯೂಯಾರ್ಕಿನಿಂದ ಕಲಿತು ತಂದ ವಿದ್ಯೆಯ ತಿರುಳೂ ಅದೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆ. ಕೃತಜ್ಞರಾಗಿ ಸ್ವೀಕರಿಸಿ ಎಂಬ ಉಪದೇಶವನ್ನು ಬಾಯಿ ಮುಚ್ಚಿಸಲೂ ಬಳಸಬಹುದು. ನೌವೆನ್ ಅವರನ್ನು ಡೇಬ್ರೇಕ್‌ನ ದಾರಿಗೆ ತಂದ ಲಾರ್ಶ್ ಚಳವಳಿಯ ಸ್ಥಾಪಕ ಝಾನ್ ವಾನಿಯೆ, ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು ಆ ಸಂಸ್ಥೆಯೇ ಮಾಡಿಸಿದ ತನಿಖೆ 2020ರಲ್ಲಿ, ಅವರು ತೀರಿಕೊಂಡ ಮರುವರ್ಷ, ಬಹಿರಂಗಪಡಿಸಿತು. ದೌರ್ಬಲ್ಯದ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡಿದವರ ಕೈಯಲ್ಲೂ ಅಧಿಕಾರ ಇತ್ತು. ಹಾಗಾಗಿ ಬೇಡ ಎನ್ನುವ ಹಕ್ಕಿಲ್ಲದ ಕಡೆ ನಮ್ರತೆಯ ಪಾಠ ಹೇಳಬಾರದು. ಕುರುಡ ಬಾರ್ತಿಮಾಯ ಕೂಗಿ ಕರೆದಾಗ, ಅವನಿಗೆ ಏನು ಬೇಕೆಂಬುದು ಎಲ್ಲರಿಗೂ ಕಾಣುತ್ತಿದ್ದರೂ ಯೇಸು ಕೇಳುತ್ತಾರೆ: ನಾನು ನಿನಗೆ ಏನು ಮಾಡಬೇಕು? ನಮ್ಮ ಪ್ರಾರ್ಥನಾ ತಂಡಗಳು ಇದನ್ನು ಕಲಿಯಬೇಕಿದೆ. ಹೊಲಿಗೆ ಬಿಚ್ಚದವರ ಮಂಚದ ಸುತ್ತ ನಿಂತು ಗಟ್ಟಿಯಾಗಿ ಹಾಡುವುದು, ತಲೆಯ ಮೇಲೆ ಕೈಯಿಡುವುದು, ವಿಶ್ವಾಸ ಸಾಲದೆಂಬಂತೆ ಸೂಚಿಸುವುದು, ನಿದ್ದೆಯ ಹೊತ್ತನ್ನು ಕಸಿಯುವುದು ಆರೈಕೆಯಲ್ಲ.

ಮನೆಯೊಳಗಿನ ಆರೈಕೆಯ ಮಾತು ಇನ್ನೂ ಬಾಕಿಯಿದೆ. ನಮ್ಮಲ್ಲಿ ಗಾಯಾಳುವಿನ ಉಪಚಾರ ಹೆಚ್ಚಾಗಿ ಹೆಂಡತಿಯ, ಸೊಸೆಯ, ಮಗಳ ತಲೆಗೆ ಬರುತ್ತದೆ. ಅವಳು ರಜೆ ಹಾಕುತ್ತಾಳೆ, ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸುತ್ತಾಳೆ, ಬೆನ್ನು ನೋಯಿಸಿಕೊಳ್ಳುತ್ತಾಳೆ. ಮಲಗಿದ ಗಂಡಸು ಅದನ್ನು ತನ್ನ ಹಕ್ಕೆಂದು ತಿಳಿದರೆ ಅದು ಸ್ವೀಕಾರವಲ್ಲ, ದರ್ಬಾರು. ಬಿದ್ದವಳು ಹೆಂಗಸಾದರೆ ಆಕೆಗೆ ಬೇರೆಯೇ ಸಂಕಟ: ಜೀವಮಾನವಿಡೀ ಬಡಿಸಿದವಳು ಬಡಿಸಿಕೊಳ್ಳಲು ನಾಚುತ್ತಾಳೆ, ಹಂಗಿಗೆ ಹೆದರಿ ಮೂರೇ ದಿನಕ್ಕೆ ಒಲೆಯ ಮುಂದೆ ನಿಲ್ಲುತ್ತಾಳೆ, ಗಾಯ ಮತ್ತೆ ಬಿಚ್ಚುತ್ತದೆ. ಇಬ್ಬರಿಗೂ ಒಂದೇ ಉಪದೇಶ ಮಾಡುವುದು ಅನ್ಯಾಯ. ಈ ವಿಷಯದಲ್ಲಿ ಎರಡು ಪುಸ್ತಕಗಳೂ ನೆರವಿಗೆ ಬರುವುದಿಲ್ಲ. ಒಂದರ ನಾಯಕಿಗೆ ದೊಡ್ಡ ಆಸ್ಪತ್ರೆಯೇ ಮನೆಯಾಗಿತ್ತು, ಇನ್ನೊಂದರ ಲೇಖಕ ಬ್ರಹ್ಮಚಾರಿ ಗುರು.

ಇಷ್ಟಾದರೂ 'ಟೇಕ್ ಮೈ ಹ್ಯಾಂಡ್ಸ್' ಕೈಗೆತ್ತಿಕೊಳ್ಳಬೇಕಾದ ಪುಸ್ತಕ, ಅದರಲ್ಲೂ ಅಪಘಾತಕ್ಕೂ ಶಸ್ತ್ರಚಿಕಿತ್ಸೆಗೂ ನಡುವಿನ ಪುಟಗಳಿಗಾಗಿ. ಗಾಲಿಕುರ್ಚಿಯಲ್ಲಿ ಬಂದ ವೈದ್ಯೆಯ ಮುಂದೆ ಕೈ ಚಾಚಿದ ಕುಷ್ಠರೋಗಿ, ತನ್ನಂತೆಯೇ ಇನ್ನೊಬ್ಬರನ್ನು ನೆಚ್ಚಿ ಬದುಕುವವರೊಬ್ಬರನ್ನು ಕಂಡ. ಮೇರಿ ಮಲಗಿದ್ದ ದಿನಗಳು ವ್ಯರ್ಥವಾಗಿದ್ದರೆ ಅವನಲ್ಲಿ ಭರವಸೆ ಹುಟ್ಟುತ್ತಿರಲಿಲ್ಲ. ನೌವೆನ್ ಪುಸ್ತಕವನ್ನು ಪೂರ್ತಿ ಗುಣವಾದ ಮೇಲೆ ಓದುವುದು ಒಳ್ಳೆಯದು. ನೋವಿನ ನಡುವೆ ಅದು ತುಂಬಾ ಎತ್ತರದಲ್ಲಿ ಮಾತಾಡುತ್ತದೆ.

ಸಭಾಪಾಲಕರಲ್ಲಿ ಒಂದು ಕೋರಿಕೆ. ಭಾನುವಾರ ರೋಗಿಗಳ ಹೆಸರು ಓದಿ ಪ್ರಾರ್ಥಿಸುವಾಗ ಅವರನ್ನು ನೋಡಿಕೊಳ್ಳುತ್ತಿರುವವರ ಹೆಸರನ್ನೂ ಓದಿ. ಆರಾಧನೆ ಮುಗಿದ ಮೇಲೆ ಆ ಮನೆಗೆ ಹೋಗಿ, ಮಲಗಿದವರನ್ನೇ ಏನು ಬೇಕೆಂದು ಕೇಳಿ. ಎರಡು ಗಂಟೆ ಹೊತ್ತು ಯಾರಾದರೂ ಬಂದು ಕೂತರೆ ಹೆಂಡತಿ ನಿದ್ದೆ ಮಾಡುತ್ತಾಳೆ ಎಂದು ಅವರು ಹೇಳಿದರೆ, ಸಭೆಯಿಂದ ಒಬ್ಬರನ್ನು ಕಳಿಸಿಕೊಡಿ.