ಅಪವಾದವೂ ನಿಯಮವೂ

ಅಪವಾದವೇ ನಿಯಮವನ್ನು ಸಾಧಿಸುತ್ತದೆಯೆಂಬ ಆಂಗ್ಲ ನುಡಿಗಟ್ಟು ಕನ್ನಡದ ವಾದವಿವಾದಗಳಲ್ಲಿಯೂ ಬಳಕೆಗೆ ಬಂದಿದೆ. ಒಬ್ಬನು ಹೇಳಿದ ನಿಯಮಕ್ಕೆ ಮತ್ತೊಬ್ಬನು ವಿರುದ್ಧವಾದ ದೃಷ್ಟಾಂತವನ್ನು ತೋರಿಸಿದರೆ, ಮೊದಲಿನವನು ಈ ಮಾತನ್ನು ಮುಂದೊಡ್ಡಿ ತಾನೇ ಗೆದ್ದೆನೆಂದು ತಿಳಿಯುತ್ತಾನೆ. ತನ್ನ ಸೋಲನ್ನೇ ಪ್ರಮಾಣವಾಗಿ ಎಣಿಸಿಕೊಳ್ಳುವ ಈ ರೀತಿ ತರ್ಕಕ್ಕೆ ಸಲ್ಲದು. ನುಡಿಗಟ್ಟಿನ ಮೂಲಾರ್ಥವೂ ಅದಲ್ಲ.

ಇದರ ಬೇರು ರೋಮನರ ನ್ಯಾಯವಾದದಲ್ಲಿದೆ. ಸ್ಪೇನ್ ದೇಶದ ಗಾದೇಸ್ ಪಟ್ಟಣದ ಬಾಲ್ಬಸನು ರೋಮಿನ ಪೌರತ್ವವನ್ನು ಅಕ್ರಮವಾಗಿ ಪಡೆದನೆಂಬ ಆಪಾದನೆಗೆ ಗುರಿಯಾದಾಗ, ಕ್ರಿ. ಪೂ. ೫೬ರಲ್ಲಿ ಸಿಸೆರೋ ಅವನ ಪರವಾಗಿ ವಾದಿಸಿದನು. ರೋಮನರು ಕೆಲವು ಜನಾಂಗಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ, ಆ ಜನರನ್ನು ಪೌರರನ್ನಾಗಿ ಸ್ವೀಕರಿಸಕೂಡದೆಂಬ ನಿಬಂಧನೆಯಿದ್ದಿತು. ಕೆಲವೆಡೆ ನಿಷೇಧವನ್ನು ಬಿಚ್ಚಿ ಹೇಳಿರುವುದರಿಂದಲೇ, ಅದನ್ನು ಹೇಳದ ಕಡೆ ಅನುಮತಿಯಿದೆಯೆಂದು ಸಿದ್ಧವಾಗುವುದೆಂಬುದು ಅವನ ಯುಕ್ತಿ. ಬಾಲ್ಬಸನಿಗೆ ಬಿಡುಗಡೆಯಾಯಿತು.

ಅಂಗಡಿಯ ಬಾಗಿಲಲ್ಲಿ ಅಮಾವಾಸ್ಯೆಯಂದು ರಜವೆಂದು ಬರೆದಿದ್ದರೆ, ಉಳಿದ ದಿನಗಳಲ್ಲಿ ಅದು ತೆರೆದಿರುವುದೆಂದು ಯಾರಾದರೂ ಊಹಿಸಬಲ್ಲರು. ಅಪವಾದವು ನಿಯಮವನ್ನು ಸಾಧಿಸುವುದು ಇಷ್ಟರ ಮಟ್ಟಿಗೆ ಮಾತ್ರ. ನ್ಯಾಯವಾದಿಗಳ ಲ್ಯಾಟಿನ್ ಸೂತ್ರದಲ್ಲಿ, ಹೊರತುಪಡಿಸದ ವಿಷಯಗಳಿಗೆ ಮಾತ್ರ ಇದು ಅನ್ವಯಿಸುವುದೆಂಬ ಕಟ್ಟೂ ಇದ್ದಿತು. ಜನರ ಬಾಯಲ್ಲಿ ಆ ಕಟ್ಟು ಕಳಚಿದುದರಿಂದ ಅರ್ಥವು ಕೆಟ್ಟಿತು. ಸಾಧಿಸು ಎಂಬುದಕ್ಕೆ ಇಲ್ಲಿ ಪರೀಕ್ಷಿಸು ಎಂದರ್ಥವೆನ್ನುವವರೂ ಉಂಟು. ಸೂತ್ರದ ಇತಿಹಾಸವು ಅದಕ್ಕೆ ಒತ್ತಾಸೆಯಾಗದು. ೧೯೨೬ರಲ್ಲಿ ಪ್ರಕಟವಾದ ತನ್ನ ಪದಪ್ರಯೋಗಕೋಶದಲ್ಲಿ ಫೌಲರನು ಈ ಮಾತಿನ ಬೇರೆಬೇರೆ ಅರ್ಥಗಳನ್ನು ವಿಂಗಡಿಸಿ, ನ್ಯಾಯವಾದದ ಅರ್ಥವೇ ಮೂಲವೆಂದು ತೋರಿಸಿದನು.

ಉತ್ಸರ್ಗ, ಅಪವಾದ ಎಂಬ ವೈಯಾಕರಣರ ವಿಭಾಗವನ್ನು ಬಲ್ಲವರಿಗೆ ಈ ಭ್ರಮೆ ಉಂಟಾಗಬೇಕಾದುದಿಲ್ಲ. ಪಾಣಿನೀಯರಲ್ಲಿ ಅಪವಾದಸೂತ್ರವು ತನ್ನ ಕ್ಷೇತ್ರದಲ್ಲಿ ಸಾಮಾನ್ಯಸೂತ್ರವನ್ನು ಬಾಧಿಸುತ್ತದೆ. ಉಳಿದ ಕ್ಷೇತ್ರವನ್ನು ಅದಕ್ಕೇ ಬಿಟ್ಟುಕೊಡುತ್ತದೆ. ಎರಡೂ ಶಾಸ್ತ್ರಕಾರನು ವಿಧಿಸಿದವು. ಲೋಕವನ್ನು ನೋಡಿ ಊಹಿಸಿದ ನಿಯಮದ ಗತಿ ಬೇರೆ. ಅದಕ್ಕೆ ವಿರುದ್ಧವಾದ ಒಂದು ದೃಷ್ಟಾಂತವಿದ್ದರೂ ಅದನ್ನು ತಿದ್ದಬೇಕು, ಇಲ್ಲವೆ ಬಿಡಬೇಕು.

ಸಾಹಿತ್ಯವಿಮರ್ಶೆಯಲ್ಲಿ ಈ ಭೇದವನ್ನು ಮರೆತರೆ ಅನ್ಯಾಯವಾಗುತ್ತದೆ. ಸ್ತ್ರೀಯರಿಗೆ ಕಾವ್ಯಶಕ್ತಿಯಿಲ್ಲವೆನ್ನುವವನ ಮುಂದೆ ೧೨ನೆಯ ಶತಮಾನದ ಅಕ್ಕಮಹಾದೇವಿಯನ್ನು ಹೆಸರಿಸಿದರೆ, ಆಕೆ ಅಪವಾದವೆನ್ನುವನು. ಚಿಕ್ಕದೇವರಾಯನ ಕಾಲದ ಸಂಚಿಯ ಹೊನ್ನಮ್ಮನನ್ನು ಹೆಸರಿಸಿದರೆ, ಆಕೆಯೂ ಅಪವಾದವೆನ್ನುವನು. ಹೀಗೆ ಒಬ್ಬೊಬ್ಬ ಕವಯಿತ್ರಿಯೂ ತನ್ನ ಕೃತಿಯಿಂದಲೇ ತನ್ನ ಕುಲದ ಅಶಕ್ತಿಗೆ ಸಾಕ್ಷಿಯಾಗಬೇಕಾಗುತ್ತದೆ. ಇಂಥ ವಾದವನ್ನು ಯಾವ ಕಾವ್ಯವೂ ಗೆಲ್ಲಲಾರದು. ಆದುದರಿಂದ ಈ ನುಡಿಗಟ್ಟನ್ನು ಬಳಸುವವರು ಅದರ ಕಳಚಿದ ಕಟ್ಟನ್ನೂ ಕೂಡಿಸಿಯೇ ಬಳಸುವುದು ಯುಕ್ತ.